ಒಂದು ಗೇಣು ಹೊಲಿಗೆ

"ನಿಧಾನ ಮಾವ, ಸೂಜಿ ಇನ್ನೂ ಬಟ್ಟೆಯೊಳಗೇ ಇದೆ."

ಸೋದರಮಾವ ಒಂದು ಕಡೆ, ಪಕ್ಕದ ಮನೆಯ ಡ್ರೈವರ್ ಇನ್ನೊಂದು ಕಡೆ ಹಿಡಿದು ಹೊಲಿಗೆ ಯಂತ್ರವನ್ನು ಮುಂದಿನ ಕೋಣೆಯಿಂದ ವರಾಂಡಕ್ಕೆ ಸಾಗಿಸುತ್ತಿದ್ದರು. ಒಳಗೆ ಅಮ್ಮನನ್ನು ಮಲಗಿಸಲು ಜಾಗ ಬೇಕಿತ್ತು. ಯಂತ್ರದಿಂದ ಜೋತುಬಿದ್ದ ಕಿತ್ತಳೆ ಬಣ್ಣದ ಬಟ್ಟೆ ನೆಲಕ್ಕೆ ತಾಗದಂತೆ ಎರಡೂ ಕೈಯಲ್ಲಿ ಎತ್ತಿ ಹಿಡಿದು, ಮಗಳು ಹಿಂದುಹಿಂದಕ್ಕೆ ಹೆಜ್ಜೆ ಇಡುತ್ತಿದ್ದಳು.

"ಹೋಗೋವಾಗ್ಲೂ ನನ್ನ ಸೊಂಟ ಮುರಿದೇ ಹೋದ್ಲು ನಿಮ್ಮಮ್ಮ," ಎಂದ ಮಾವ ಏದುಸಿರು ಬಿಡುತ್ತ. ಮೂಲೆಯಲ್ಲಿ ಅಳುತ್ತಿದ್ದ ಡ್ರೈವರನ ಹೆಂಡತಿ ನಕ್ಕುಬಿಟ್ಟು, ಗಾಬರಿಯಿಂದ ಬಾಯಿಗೆ ಕೈ ಅಡ್ಡ ಹಿಡಿದಳು.

ಆ ಬಟ್ಟೆ ಗಾಳಿಚೀಲದ್ದು. ವಿಮಾನ ಹಾರಿಸಲು ಕಲಿಸುವ ಮೈದಾನದಲ್ಲಿ, ಕಂಬದ ತುದಿಗೆ ಕಟ್ಟುವ ಉದ್ದನೆಯ ಚೀಲ. ಗಾಳಿ ಯಾವ ಕಡೆಯಿಂದ, ಎಷ್ಟು ಜೋರಾಗಿ ಬೀಸುತ್ತಿದೆ ಎಂಬುದನ್ನು ವಿಮಾನ ಇಳಿಸುವವರು ಅದನ್ನು ನೋಡಿ ತಿಳಿಯುತ್ತಾರೆ; ಗಾಳಿ ಜೋರಾದಷ್ಟೂ ಅದು ಎದ್ದು ನೆಟ್ಟಗೆ ಚಾಚಿಕೊಳ್ಳುತ್ತದೆ. ಇಪ್ಪತ್ತೆಂಟು ವರ್ಷ ಅದನ್ನು ಹೊಲಿದ ಅಮ್ಮ ಮೈದಾನದಲ್ಲಿ ಎಲ್ಲರಿಗೂ ಗಾಳಿಯಮ್ಮ. ಈ ಚೀಲದಲ್ಲಿ ಮಾತ್ರ ಒಂದು ಗೇಣು ಹೊಲಿಗೆ ಬಾಕಿ ಉಳಿದಿತ್ತು.

"ಪೈಲಟ್ ಅಕ್ಕಂಗೆ ಹೇಳಿ ಕಳಿಸಿದ್ರಾ?"

"ಹೇಳಿದೀನಿ, ಬರ್ತಾಳೆ." ಮಾವ ದನಿ ತಗ್ಗಿಸಿದ. "ಆದ್ರೆ ಆ ಮಾತು ಇವತ್ತು ಎತ್ತಬೇಡ. ಸತ್ತೋಳ ತಲೆ ಮೇಲೆ ಗೂಬೆ ಕೂರಿಸಬೇಡ."

"ನಾನು ಕೂರಿಸ್ತಿಲ್ಲ ಮಾವ. ಅವಳೇ ಹೇಳು ಅಂದಿದ್ದು."

*

ಹತ್ತು ದಿನದ ಹಿಂದೆ, ಮಧ್ಯಾಹ್ನ, ಆಸ್ಪತ್ರೆಯ ಹೊದಿಕೆಯ ಅಂಚನ್ನು ಅಮ್ಮ ಎರಡು ಬೆರಳಲ್ಲಿ ಉಜ್ಜಿ ನೋಡುತ್ತಿದ್ದಳು. ಯಾವ ಬಟ್ಟೆ ಕೈಗೆ ಸಿಕ್ಕರೂ ಅವಳು ಹಾಗೆಯೇ.

"ವರ್ಷಗಳ ಹಿಂದೆ, ಆಗ ಚೀಲ ಮೂರು ತಿಂಗಳಿಗೇ ಹರೀತಿತ್ತು. ಜೇಡರ ಬಲೆ ಹೊಲೀತೀಯೇನಮ್ಮ ಅಂತ ಮೈದಾನದ ಸಾಹೇಬ್ರು ಆಡ್ಕೊಂಡ್ರು. ನಂಗೂ ರೋಷ ಬಂತು. ದಪ್ಪ ಬಟ್ಟೆ ತಂದು, ಒಳಗೆ ಇನ್ನೊಂದು ಪದರ ಕೊಟ್ಟು ಹೊಲಿದೆ."

ಚೀಲ ಗಟ್ಟಿಯಾಯಿತು, ಭಾರವೂ ಆಯಿತು. ಅದನ್ನು ಕಟ್ಟಿದ ಮೇಲೆ ಒಂದು ದಿನ, ಅಡ್ಡಗಾಳಿ ಜೋರಾಗಿಯೇ ಬೀಸುತ್ತಿದ್ದರೂ ಅದು ಅರ್ಧಕ್ಕೆ ಎದ್ದು ಅಲ್ಲೇ ನಿಂತಿತ್ತು. ಒಬ್ಬಳೇ ಹಾರಲು ಆಗಷ್ಟೇ ಕಲಿತಿದ್ದ ಹುಡುಗಿ, ಸಣ್ಣ ಗಾಳಿಯೆಂದುಕೊಂಡು ಪುಟ್ಟ ವಿಮಾನವನ್ನು ಇಳಿಸಿದಳು. ಚಕ್ರ ನೆಲ ಮುಟ್ಟುವಾಗ ಒಂದು ರೆಕ್ಕೆ ಮೇಲೆದ್ದಿತು. ವಿಮಾನ ಓರೆಯಾಗಿ ರನ್‌ವೇ ದಾಟಿ, ಹುಲ್ಲಿನಲ್ಲಿ ಮೂಗು ಊರಿ ನಿಂತಿತು. ಹುಡುಗಿಯ ಭುಜದ ಮೂಳೆ ಮುರಿಯಿತು.

"ಚೀಲ ಅರ್ಧಾನೇ ಎದ್ದಿತ್ತು ಅಂತ ಬಡ್ಕೊಂಡ್ಳು. ತಪ್ಪು ಮುಚ್ಚೋಕೆ ಸುಳ್ಳು ಹೇಳ್ತಾಳೆ ಅಂದ್ರು ಎಲ್ಲ. ನಾನು ಅಲ್ಲೇ ನಿಂತಿದ್ದೆ, ತುಟಿ ಬಿಚ್ಚಲಿಲ್ಲ. ಮಾರನೇ ಬೆಳಗ್ಗೆ ಯಾರೂ ಬರೋಕೆ ಮುಂಚೆ ಹೋಗಿ, ಅದನ್ನ ಇಳಿಸಿ ತೆಳ್ಳನೇದು ಕಟ್ಟಿದೆ."

"ಅವರನ್ನ ಕರೀಲಾ ಅಮ್ಮ? ನೀನೇ ಹೇಳ್ಬಿಡು."

ಅಮ್ಮ ಗೋಡೆಯ ಕಡೆ ಹೊರಳಿದಳು. "ಆಮೇಲೆ ನೀನು ಹೇಳು. ಅವಳ ಮುಖ ನೋಡೋ ಧೈರ್ಯ ನಂಗಿಲ್ಲ."

*

ಪೈಲಟ್ ಕೆಲಸದ ಬಟ್ಟೆಯಲ್ಲೇ ಬಂದಳು. ಅಂದು ಭುಜ ಮುರಿದುಕೊಂಡ ಹುಡುಗಿ ಈಗ ಅದೇ ಮೈದಾನದಲ್ಲಿ ಕಲಿಸುವವಳು. ಅಮ್ಮನ ಪಕ್ಕ ಕುಳಿತು, ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳನ್ನು ಬಹಳ ಹೊತ್ತು ಹಿಡಿದುಕೊಂಡಳು.

"ಮೂಳೆ ಕೂಡೋವರೆಗೂ ದಿನಾ ಊಟ ತಂದು ತಿನ್ನಿಸ್ತಿದ್ರು," ಎಂದಳು ಮಗಳತ್ತ ತಿರುಗಿ. "ತಲೆ ಬಾಚ್ತಿದ್ರು. ಎಷ್ಟು ಕೆಟ್ಟದಾಗಿ ಬಾಚ್ತಿದ್ರು ಗೊತ್ತಾ?"

ಬಾಗಿಲ ಬಳಿಯಿಂದ ಮಾವ ಬೇಡವೆಂದು ತಲೆಯಾಡಿಸಿದ. ಇಂದು ಬಿಟ್ಟರೆ ಇನ್ನು ಎಂದೂ ತನ್ನ ಬಾಯಿಂದ ಬರಲಾರದು ಎಂಬುದು ಮಗಳಿಗೆ ಗೊತ್ತಿತ್ತು. ಪೈಲಟ್ ಅಕ್ಕನನ್ನು ವರಾಂಡಕ್ಕೆ ಕರೆದೊಯ್ದಳು.

"ಅಕ್ಕ, ಅವತ್ತು ಚೀಲ ನಿಜವಾಗ್ಲೂ ಅರ್ಧಾನೇ ಎದ್ದಿತ್ತು."

ಉಳಿದದ್ದನ್ನೂ ಹೇಳಿದಳು. ಹೇಳುವಷ್ಟು ಹೊತ್ತೂ ಕಣ್ಣು ತಪ್ಪಿಸಲಿಲ್ಲ. ಎದುರಿನ ಮುಖದ ರಕ್ತ ಇಳಿದದ್ದು, ತುಟಿ ಬಿಗಿದದ್ದು, ಎಲ್ಲವನ್ನೂ ನೋಡಿದಳು.

"ಎರಡು ವರ್ಷ ವಿಮಾನದ ಹತ್ರ ಸುಳೀಲಿಲ್ಲ ನಾನು," ಎಂದಳು ಪೈಲಟ್. "ನನ್ನ ಕಣ್ಣನ್ನೇ ನಂಬ್ತಿರ್ಲಿಲ್ಲ. ಆ ಊಟ, ಆ ಬಾಚೋದು... ಎಲ್ಲ ಅದಕ್ಕೇನಾ?"

"ಮೊದಲು ಅದಕ್ಕೇ ಇರಬಹುದು." ಮಗಳು ಮಾತು ಹುಡುಕಿದಳು. "ಆಮೇಲಿನದಕ್ಕೆ ಅದೊಂದೇ ಕಾರಣ ಅಲ್ಲ ಅಕ್ಕ. ನಿಮ್ಮ ವಿಮಾನ ಇಳಿದ ಸದ್ದು ಕೇಳೋವರೆಗೂ ಅವಳು ತಟ್ಟೆ ಮುಂದೆ ಕೂರ್ತಿರ್ಲಿಲ್ಲ. ನಮ್ಮನ್ನೂ ಕೂರಿಸ್ತಿರ್ಲಿಲ್ಲ."

ಪೈಲಟ್ ಯಂತ್ರದ ಮೇಲಿನ ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದಳು. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿತ್ತು.

"ಅವತ್ತು ಗಾಳಿಗೆ ಹುಲ್ಲು ಪೂರ್ತಿ ಬಾಗಿತ್ತು," ಎಂದಳು ಕೊನೆಗೆ. "ಅದೂ ಕಂಡಿತ್ತು ನಂಗೆ, ಆದ್ರೂ ಇಳಿಸ್ದೆ. ಇದನ್ನ ಮಾತ್ರ ಯಾರಿಗೂ ಹೇಳಿಲ್ಲ."

ಬೀದಿ ತಿರುವಿನಲ್ಲಿ ಅಮ್ಮನನ್ನು ಒಯ್ಯುವ ವಾಹನದ ಸದ್ದಾಯಿತು. ಜನ ಎದ್ದು ನಿಂತರು.

"ಎಷ್ಟು ಬಾಕಿ ಇದು?" ಪೈಲಟ್ ಕೇಳಿದಳು.

"ಒಂದು ಗೇಣು."

"ಕೂತ್ಕೋ. ಮುಗಿಸು. ಈಗ ಕಂಬದ ಮೇಲಿರೋದು ಹರಿದುಹೋಗಿದೆ."

"ಈಗಲೇ ಏನ್ರಮ್ಮ ಇದು," ಎನ್ನುತ್ತ ಬಂದ ಮಾವ, ಇಬ್ಬರ ಮುಖವನ್ನೂ ನೋಡಿ, ವಾಹನದವನಿಗೆ ಕಾಯಲು ಹೇಳಲು ಬೀದಿಗಿಳಿದ.

ಮಗಳು ಪೆಡಲ್ ತುಳಿದಳು. ಪೈಲಟ್ ಚೀಲದ ಅಗಲವಾದ ಬಾಯನ್ನು ಬೀದಿಯ ಕಡೆಗೆ ಬಿಡಿಸಿ ಹಿಡಿದು ನಿಂತಳು. ಮರದ ಎಲೆ ಅಲುಗುವಷ್ಟೂ ಗಾಳಿಯಿರಲಿಲ್ಲ. ಆದರೂ ಮಗಳು ಕೊನೆಯ ನೂಲು ಕತ್ತರಿಸಿ ಕೈಬಿಟ್ಟಾಗ, ಚೀಲದ ಕಿರಿದಾದ ತುದಿ ನೆಲದಿಂದ ಮೆಲ್ಲಗೆ ಎದ್ದು, ಹೊಸ್ತಿಲು ದಾಟಿ, ಅಮ್ಮ ಮಲಗಿದ್ದ ಕಡೆಗೆ ಚಾಚಿಕೊಂಡಿತು.