ವಲ್ಲಿಯ ಕೆಳಗಿನ ಕೈ

ಹೊಳೆಪ್ಪನ ಬಾಯಿ ಒಂದು ಊರಿನಲ್ಲಿರುತ್ತಿತ್ತು, ಕೈ ಇನ್ನೊಂದು ಊರಿನಲ್ಲಿ. ಮೂಡಲಗಿಯ ದನದ ಸಂತೆಯಲ್ಲಿ ಬೇವಿನ ಮರದ ಕೆಳಗೆ ನಿಂತು, ಬಲಗೈಯ ಮೇಲೆ ಹೆಗಲಿನ ಬಟ್ಟೆಯಾದ ಬಿಳಿಯ ವಲ್ಲಿಯನ್ನು ಹೊದಿಸಿಕೊಂಡು, ಅದರ ಮರೆಯಲ್ಲಿ ಒಮ್ಮೆ ಕೊಳ್ಳುವವನ ಬೆರಳು, ಒಮ್ಮೆ ಮಾರುವವನ ಬೆರಳು ಹಿಡಿದೊತ್ತಿ ಎತ್ತಿನ ಬೆಲೆಯನ್ನು ಕುದುರಿಸುತ್ತಿದ್ದಾಗ, ನಾಲಿಗೆ ಮಾತ್ರ ಆ ವ್ಯವಹಾರಕ್ಕೂ ತನಗೂ ಸಂಬಂಧವೇ ಇಲ್ಲವೆಂಬಂತೆ ಗೋಕಾಕದ ಮಳೆ, ಹುಕ್ಕೇರಿಯ ಮೆಣಸಿನಕಾಯಿ, ತನ್ನ ಬೀಗರ ಜಿಪುಣತನ ಎಲ್ಲವನ್ನೂ ಸುತ್ತಿ ಬರುತ್ತಿತ್ತು. ಬೆಲೆ ಬೆರಳಿನಿಂದ ಬೆರಳಿಗೆ ಹೋಗಬೇಕು, ಸುತ್ತ ನಿಂತವರಿಗೆ ತಿಳಿಯಕೂಡದು. ಅದು ನಮ್ಮ ಕಡೆಯ ದಲಾಲರ ಪದ್ಧತಿ. “ಖರೆ ಹೇಳ್ತೇನಿ ಕೇಳ್ರಿ” ಎಂಬುದು ಅವನ ಪಲ್ಲವಿ. ಅದರ ಹಿಂದೆ ಬರುವುದೆಲ್ಲ ಸುಳ್ಳೆಂದು ಸಂತೆಗೆಲ್ಲ ಗೊತ್ತಿತ್ತು. ವಲ್ಲಿಯ ಕೆಳಗೆ ಮಾತ್ರ ಅವನು ಎಂದೂ ಸುಳ್ಳಾಡಿದವನಲ್ಲವೆಂಬುದೂ ಗೊತ್ತಿತ್ತು.

ನಾನು ಗೋಕಾಕದಲ್ಲಿ ಸಾಲಿಯ ಮಾಸ್ತರನಾಗಿದ್ದರೂ ಹೊಲ ಬಿಟ್ಟವನಲ್ಲ. ನಮ್ಮ ಮನೆಗೆ ಬಂದ ಎತ್ತುಗಳೆಲ್ಲ ಹೊಳೆಪ್ಪನ ಕೈಯಿಂದ ಬಂದವು. ಯಾವನೋ ಮಾಮಲೇದಾರ ಮೈಯಿಂದ ಕಳಚಿ ಕೊಟ್ಟದ್ದೆಂದು ಹೇಳಿಕೊಳ್ಳುತ್ತಿದ್ದ ಒಂದು ಕರಿಯ ಕೋಟು, ತಲೆಗೆ ಹಳದಿ ರುಮಾಲು, ಇದು ಅವನ ವೇಷ. ನಡೆಯುವಾಗ, ಮುಂದೆ ಹೋಗುತ್ತಿರುವ ಎತ್ತಿನ ಕಾಲಿನ ಐಬು ಹುಡುಕುವವನ ಹಾಗೆ ತಲೆ ತಗ್ಗಿಸಿ ಓರೆಯಾಗಿ ನಡೆಯುತ್ತಿದ್ದ. ಮನುಷ್ಯರನ್ನೂ ಮೊದಲು ಕಾಲು ನೋಡಿ, ಆಮೇಲೆ ಮುಖ ನೋಡಿ ಮಾತಾಡಿಸುತ್ತಿದ್ದ. ಆ ವಲ್ಲಿಯನ್ನಂತೂ ಬೆವರು ಒರೆಸಲಿಕ್ಕೂ ಮುಟ್ಟುತ್ತಿರಲಿಲ್ಲ. ಉಣ್ಣುವಾಗ ಅದನ್ನು ಮಡಚಿ ಗೂಟಕ್ಕೆ ಹಾಕಿದ ಮೇಲೆಯೇ ಕೈ ತೊಳೆಯುತ್ತಿದ್ದ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಹಿಂದಿನ ವರ್ಷ ಆ ನಾಲಿಗೆಯ ಅಂಚಿನಲ್ಲೊಂದು ಹುಣ್ಣು ಎದ್ದಿತು. ಹಗಲೆಲ್ಲ ದವಡೆಯಲ್ಲಿರುತ್ತಿದ್ದ ತಂಬಾಕು ಸುಣ್ಣದ ಪ್ರಸಾದವಿರಬೇಕು. ಅವನು ಅದನ್ನು ಬೀಗರ ಮನೆಯ ಖಾರದ ಮೇಲೆ ಹಾಕಿ ನಗುತ್ತ ಕಾಲ ಕಳೆದ. ಉಗುಳು ನುಂಗಲಾಗದಾದಾಗ ಹೆಂಡತಿ ಸುಂದ್ರವ್ವ ಅವನ ಮಾತು ಕೇಳದೆ ಚಕ್ಕಡಿ ಕಟ್ಟಿಸಿ, ಗೋಕಾಕ ರೋಡ ಸ್ಟೇಶನ್ನಿಗೆ ಕರೆತಂದು, ಮಿರಜದ ರೈಲು ಹತ್ತಿಸಿದಳು. ಅಲ್ಲಿ ಡಾಕ್ಟರರು ಅದು ಅರ್ಬುದವೆಂದು ಹೇಳಿ ಅರ್ಧ ನಾಲಿಗೆಯನ್ನು ಕೊಯ್ದು ತೆಗೆದರು. ಉಳಿದುದಕ್ಕೆ ರೇಡಿಯಂ ಸೂಜಿ ಚುಚ್ಚಿ ಸುಟ್ಟರು. ಸುಂದ್ರವ್ವ ಬೆಣ್ಣೆ ಮಾರುವ ಕೆಲಸ ಬಿಟ್ಟು ತಿಂಗಳುಗಟ್ಟಲೆ ಅವನ ಮಗ್ಗುಲಿಗಿದ್ದಳು. ಹೊಳೆಪ್ಪ ಬದುಕಿ ಬಂದ. ಬಂದದ್ದು ಅರ್ಧ ಹೊಳೆಪ್ಪ. ಕೋಟು ಮೈಮೇಲೆ ಗೂಟಕ್ಕೆ ಹಾಕಿದಂತೆ ಜೋಲುತ್ತಿತ್ತು, ಮಾತು ತೊದಲಿ ತೊದಲಿ ಹೊರಡುತ್ತಿತ್ತು.

ಮುಂದಿನ ಸಂತೆಗೇ ಅವನು ಬೇವಿನ ಮರದ ಕೆಳಗೆ ಹಾಜರಾದ. ಸಂತೆ ಅವನನ್ನು ಪ್ರೀತಿಯಿಂದಲೇ ಕಂಡಿತು, ಒಂದು ಮಾರು ದೂರದಿಂದ. ಚಹಾದವನು ಎಲ್ಲರ ಕಪ್ಪುಬಸಿ ಬಿಟ್ಟು ಅವನಿಗೆ ತೆಂಗಿನ ಚಿಪ್ಪಿನಲ್ಲಿ ಚಹಾ ಕೊಟ್ಟ. ಎಲ್ಲರೂ ಆರೋಗ್ಯ ವಿಚಾರಿಸಿದರು. ಆದರೆ ಹೊಳೆಪ್ಪ ವಲ್ಲಿ ಹೊದಿಸಿ ಬಲಗೈ ಚಾಚಿದಾಗ ಅದರೊಳಗೆ ಯಾರ ಕೈಯೂ ಬರಲಿಲ್ಲ. “ಈ ಸಂತಿಗೆ ಮನಸ್ಸಿಲ್ಲ”, “ಮನ್ಯಾಗ ಕೇಳಿ ಬರತೇನಿ” ಎಂದು ಒಬ್ಬೊಬ್ಬರೇ ಸರಿದರು. ಆ ರೋಗ ಮುಟ್ಟಿದರೆ ಹತ್ತುತ್ತದೆಂಬ ಅಂಜಿಕೆ. ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗೂ ಇಲ್ಲ. ಸಂತೆಯ ಮೇಲೆ ಸಂತೆ ಹೋಯಿತು. ಅವನು ಬರುತ್ತಿದ್ದ, ಕೈ ಚಾಚಿ ನಿಲ್ಲುತ್ತಿದ್ದ, ಸಂಜೆಗೆ ವಲ್ಲಿ ಮಡಚಿಕೊಂಡು ಹೋಗುತ್ತಿದ್ದ.

ಒಂದು ದಿನ ನನ್ನ ಹತ್ತಿರ ಕೂತು, ಒಂದೊಂದೇ ಶಬ್ದ ಹೆಕ್ಕಿ, ಬೆವತು, ಇಷ್ಟು ಹೇಳಿದ: “ಮಾತ ಹ್ವಾದ್ರ ಹೋಗ್ಲಿ ಮಾಸ್ತರ. ಕೈ ಬರಲಿಲ್ಲಂದ್ರ ನಾ ಯಾಂವ?” ಅವನ ಜೀವ ಉಳಿಸಿದ ಡಾಕ್ಟರರಿಗೂ ಈ ಪ್ರಶ್ನೆಗೆ ಔಷಧ ಗೊತ್ತಿರಲಿಲ್ಲ.

ಅದರ ಮುಂದಿನ ಸಂತೆಯಲ್ಲಿ ಬೆಲ್ಲದ ಬಾಗೇವಾಡಿಯ ಬೀರಸಿದ್ದಪ್ಪ ಒಂದು ಜೋಡಿ ಕಿಲಾರಿ ಎತ್ತು ತಂದಿದ್ದ. ಹೊಳೆಪ್ಪನ ಹಳೆಯ ಗಿರಾಕಿ. ಆದರೂ ಅವನನ್ನು ಕಂಡು ಎತ್ತಿನ ಆ ಬಾಜೂಕ್ಕೆ ಸರಿದು ನಿಂತ. ಬೆಣ್ಣೆಯ ಸಾಲಿನಿಂದ ಸುಂದ್ರವ್ವ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಡಸರ ನಡುವೆ ನೇರವಾಗಿ ಬಂದಳು.

“ಎತ್ತ ಮಾರಾಕ ತಂದೀಯಲ್ಲೋ ತಮ್ಮಾ?”

“ಹೌದ ಅಕ್ಕಾ.”

“ನಾ ಕೇಳತೇನಿ” ಎಂದವಳೇ ಗಂಡನ ವಲ್ಲಿಯೊಳಗೆ ಕೈ ಹಾಕಿದಳು.

ನಮ್ಮ ಸಂತೆಯಲ್ಲಿ ಹೆಣ್ಣುಮಕ್ಕಳು ವಲ್ಲಿಯೊಳಗೆ ಕೈ ಹಾಕಿದ್ದನ್ನು ಕಂಡವರಿಲ್ಲ. ಗಂಡಹೆಂಡತಿ ನಾಲ್ಕು ಜನರ ಮುಂದೆ ಕೈ ಹಿಡಿದು ನಿಂತದ್ದನ್ನೂ ಕಂಡವರಿಲ್ಲ. ಯಾರೋ ಕಿಸಕ್ಕೆಂದರು. ಹೊಳೆಪ್ಪ ನಗಲಿಲ್ಲ. ಪರಸ್ಥಳದ ಗಿರಾಕಿಯ ಬೆಲೆ ಕೇಳುವಷ್ಟೇ ಗಂಭೀರನಾಗಿ ಮುಗಿಲು ನೋಡುತ್ತ ನಿಂತ. ಬಹಳ ಹೊತ್ತು ನಿಂತ.

ಈಗ ಪೇಚಿಗೆ ಸಿಕ್ಕಿದವನು ಬೀರಸಿದ್ದಪ್ಪ. ಕೊಳ್ಳುವವರು ಬೆಲೆ ಹೇಳಿದ ಮೇಲೆ ಮಾರುವವನು ಅದನ್ನು ದಲಾಲನ ಕೈಯಿಂದ ಕೇಳಲೇಬೇಕು. ಕೇಳದಿದ್ದರೆ ಸಂತೆಗೇ ಅವಮಾನ. ಸುಂದ್ರವ್ವ ಕೈ ಹೊರಗೆ ತೆಗೆದು ಅವನ ಮುಂದೆ ಹಿಡಿದಳು.

“ಇದ ಕೈಲೆ ದಿನಾ ಅವರ ಬಾಯಾಗಿನ ಹುಣ್ಣ ತೊಳದೇನಿ. ಏನಾಗೇತಿ, ನೋಡು.”

ಬೀರಸಿದ್ದಪ್ಪ ಆ ಕೈಯನ್ನು ನೋಡಿದ. ಬೆಣ್ಣೆಯ ಜಿಡ್ಡಿನ ಹೊರತು ಅದರಲ್ಲಿ ಏನೂ ಇರಲಿಲ್ಲ. ತಲೆ ತಗ್ಗಿಸಿ, ತನ್ನ ಕೈಯನ್ನು ಧೋತರಕ್ಕೆ ಒರೆಸಿಕೊಂಡು, ವಲ್ಲಿಯೊಳಗೆ ಹಾಕಿದ. ಒಳಗೆ ಏನೋ ಒತ್ತಿದಂತಾಯಿತು. ಅವನ ಮುಖ ಸಡಿಲಾಗಿ, “ಇಲ್ಲೋ ಮಾರಾಯಾ, ಹೊಂದೂದಿಲ್ಲ, ಇನ್ನಾ ಏರಸು” ಎಂದು ಹಳೆಯ ಸಲಿಗೆಯಿಂದ ಬೈದ. ಆ ವ್ಯವಹಾರ ಮುರಿಯಿತು. ಆದರೆ ಅದೇ ಎತ್ತುಗಳಿಗೆ ದಡ್ಡಿ ಊರಿನವನೊಬ್ಬ ಮುಂದೆ ಬಂದು ಕೈ ಹಾಕಿದ, ಹೊತ್ತು ಮುಳುಗುವುದರೊಳಗೆ ಜೋಡಿ ಮಾರಿಹೋಯಿತು. ಮುಂದಿನ ಸಂತೆಗೆ ಹೊಳೆಪ್ಪನ ಚಹಾ ಎಲ್ಲರಂತೆ ಬಸಿಯಲ್ಲಿ ಬಂತು.

ಸುಂದ್ರವ್ವ ಅಂದು ಎತ್ತುಗಳನ್ನು ಎಷ್ಟಕ್ಕೆ ಕೇಳಿದ್ದಳೆಂದು ನಾನು ಹೊಳೆಪ್ಪನನ್ನು ಪೀಡಿಸಿದೆ. “ವಲ್ಲಿಯಾಗಿಂದು ವಲ್ಲಿಯಾಗ” ಎಂದು ತೊದಲಿದ. ಬೆಣ್ಣೆ ಕೊಳ್ಳುವ ನೆವದಿಂದ ಅವಳನ್ನೇ ಕೇಳಿದೆ. ಅವಳು ಬೆಣ್ಣೆ ಮುದ್ದೆ ಕಟ್ಟುತ್ತ, ತಲೆಯೆತ್ತದೆ, “ನನಗ ಆ ಬೆರಳಿನ ಲೆಕ್ಕ ಎಲ್ಲಿ ಬರತೈತ್ರಿ ಮಾಸ್ತರ? ಸುಮ್ನ ಕೈ ಹಿಡದ ನಿಂತಿದ್ನಿ” ಎಂದಳು. ಹಾಗಾದರೆ ಬೀರಸಿದ್ದಪ್ಪನ ಬೆರಳಿಗೆ ಹೊಳೆಪ್ಪ ಒತ್ತಿದ ಬೆಲೆ, ವಲ್ಲಿಯ ಕೆಳಗೆ ಅವನಾಡಿದ ಒಂದೇ ಸುಳ್ಳು.

ಹೊಳೆಪ್ಪನಂಥವರು ಆಯುಷ್ಯವಿಡೀ ಬಾಯಿತುಂಬ ಸುಳ್ಳು ಹೇಳಿ ನಮ್ಮನ್ನು ನಗಿಸುತ್ತಾರೆ; ನಿಜವನ್ನು ಒಂದು ಚೂರು ಬಟ್ಟೆಯ ಮರೆಯಲ್ಲಿ ಜೋಪಾನವಾಗಿ ಇಟ್ಟಿರುತ್ತಾರೆ. ಅಂಥವರ ನಾಲಿಗೆಯನ್ನು ಕೊಯ್ದು ತೆಗೆದರೂ ಅವರು ಮೂಕರಾಗುವುದಿಲ್ಲ. ಚಾಚಿದ ಅವರ ಕೈ ಬರಿದಾಗಿ ನಿಂತ ದಿನ ಮೂಕರಾಗುತ್ತಾರೆ. ಆ ದಿನ ಬೆಲೆ ಕಟ್ಟಲು ಬಾರದ ಒಂದು ಕೈ ಬಂದು ಒಳಗೆ ಸೇರಿದರೆ, ಅವರಿಗೆ ಅಷ್ಟು ಸಾಕು.