ಏಳದೆ ಉಳಿದವರು

ತಿಂಗಳ ಮೊದಲ ಭಾನುವಾರ ಚರ್ಚಿನಲ್ಲಿ ಪ್ರಭು ಭೋಜನ, ಯೇಸುವಿನ ನೆನಪಿಗೆ ಪಾದ್ರಿಗಳು ರೊಟ್ಟಿಯ ತುಣುಕು ಹಂಚುವ ದಿನ. ಅಂದು ಎಲ್ಲರೂ ಎದ್ದು ಮುಂದೆ ಹೋದರೂ ಗಡಿಯಾರ ರಿಪೇರಿಯವನು ಮಾತ್ರ ಕಂಬದ ಮರೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತೇ ಇರುತ್ತಿದ್ದ. ಒಂಬತ್ತು ವರ್ಷ ಹೀಗೇ ಕಳೆದಿತ್ತು. ಒಡಹುಟ್ಟಿದವನ ಮೇಲೆ ಮುನಿಸಿಟ್ಟುಕೊಂಡು ಆ ರೊಟ್ಟಿಗೆ ಕೈಯೊಡ್ಡಬಾರದೆಂದು ಅಮ್ಮ ಕಲಿಸಿದ್ದಳು. ಮುನಿಸು ಹುಟ್ಟಿದ್ದು ಅವಳನ್ನು ಮಣ್ಣು ಮಾಡಿದ ದಿನವೇ. ದೂರದಿಂದ ಬರುತ್ತಿದ್ದ ತಮ್ಮನಿಗಾಗಿ ಕಾಯದೆ ಇವನು ಶವಪೆಟ್ಟಿಗೆ ಮುಚ್ಚಿಸಿದ್ದ. ತಮ್ಮನ ಕಣ್ಣಿಗೆ ಬಿದ್ದದ್ದು ಹಸಿ ಮಣ್ಣು. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಇಬ್ಬರೂ ಬರುವುದು ಇದೇ ಚರ್ಚಿಗೆ. 'ಅವನಿಗೇನು, ಕಲ್ಲೆದೆ. ನೆಮ್ಮದಿಯಾಗಿ ಹೋಗಿ ತಗೋತಾನೆ' ಎಂದುಕೊಂಡು ಇವನು ಒಳಗೊಳಗೇ ಬೇಯುತ್ತಿದ್ದ.

ಈ ಸಲ ಬಾಗಿಲಲ್ಲೇ ಕಸ ಗುಡಿಸುವಾಕೆ ತಡೆದಳು. "ನಿಮ್ಮ ಬೆಂಚಿನ ಕಾಲು ಮುರೀತು, ಬಡಗಿ ಹೊತ್ಕೊಂಡು ಹೋದ. ಇವತ್ತೊಂದಿನ ನಾಲ್ಕು ಜನರ ಕಣ್ಣಿಗೆ ಬೀಳಿ, ಸವೆದೇನೂ ಹೋಗಲ್ಲ."

ನಡುವಿನ ಸಾಲಿನಲ್ಲಿ ಕುಳಿತ. ಹೊತ್ತು ಬಂದಾಗ ಜನ ಏಳತೊಡಗಿದರು, ಒಂದೊಂದೇ ಬೆಂಚು ಬರಿದಾಯಿತು. "ನಿನಗಾಗಿ... ನಿನಗಾಗಿ..." ಎಂದು ಪಾದ್ರಿಗಳು ಒಬ್ಬೊಬ್ಬರ ಅಂಗೈಯಲ್ಲೂ ತುಣುಕಿಡುತ್ತಿದ್ದರು. ಇವನು ತಲೆಯೆತ್ತಿದಾಗ ಎಡಗಡೆಯ ಖಾಲಿ ಬೆಂಚುಗಳ ನಡುವೆ ಒಂದೇ ಒಂದು ನರೆತ ತಲೆ ಕಂಡಿತು, ತಮ್ಮನದು.

ಇವನ ಕಾಲು ತಾನಾಗಿ ಅತ್ತ ನಡೆಯಿತು.

"ನೀನು ಹೋಗಲ್ವಾ?"

"ಯಾವತ್ತು ಹೋಗಿದ್ದೆ? ಅಮ್ಮ ಹೇಳಿದ್ದು ನಿನಗೊಬ್ಬನಿಗೇನಾ?" ಎಂದ ತಮ್ಮ, ತಿರುಗಿ ನೋಡದೆ.

ಅಣ್ಣ ಬೆಂಚಿನ ಒರಗು ಹಿಡಿದು ಬಾಗಿದ. "ಎಲ್ಲರೂ ತಡಿ ಅಂದ್ರು ಕಣೋ. ಬರೋನಾದ್ರೆ ಅಮ್ಮ ಕಾಯಿಲೆ ಬಿದ್ದಾಗಲೇ ಬರ್ತಿದ್ದ ಅಂತ ಸಿಟ್ಟಲ್ಲಿ ನಾನೇ ಮುಚ್ಚಿಸಿದೆ. ತಪ್ಪು ನಂದೇ."

ತಮ್ಮ ಕೇಳಿದ, "ಅಮ್ಮನ ಮುಖ ಹೇಗಿತ್ತು?"

"ಬಾಯಿ ಸ್ವಲ್ಪ ತೆರೆದಿತ್ತು. ಯಾರನ್ನೋ ಕರೆಯೋ ಹಾಗೆ."

ತಮ್ಮ ಅಂಗೈಯಿಂದ ಮುಖ ಒತ್ತಿಕೊಂಡ. "ನೀನು ಹೋಗಣ್ಣ. ಹೇಳಾಯ್ತಲ್ಲ. ನನಗಿನ್ನೂ ಮುನಿಸು ಬಿಡೋಕೆ ಆಗ್ತಿಲ್ಲ."

ಈಗ ಹೋಗಬಹುದಿತ್ತು. ಒಂಬತ್ತು ವರ್ಷದ ಹಸಿವೂ ಇತ್ತು. ಮುಂದೆ ಪಾದ್ರಿಗಳು ತಟ್ಟೆ ಹಿಡಿದು ಇವರತ್ತಲೇ ನೋಡುತ್ತಿದ್ದರು. ಅಣ್ಣ ಬೆಂಚಿನ ತುದಿಯಲ್ಲಿ ಕುಳಿತ. ತಮ್ಮ ತುಸು ಅತ್ತ ಸರಿದು ಜಾಗ ಕೊಟ್ಟ.

ಪಾದ್ರಿಗಳು ಇನ್ನೊಂದು ಕ್ಷಣ ಕಾದರು. ಆಮೇಲೆ ಉಳಿದ ರೊಟ್ಟಿಯ ಮೇಲೆ ಬಿಳಿ ಬಟ್ಟೆ ಹೊದಿಸಿದರು.