ಸೊಟ್ಟ ತೂಗಿದ ಬಾಳೆಗೊನೆ

ಸೊಟ್ಟಗಿರುವುದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಬೇರೆಯವರ ಮನೆಗೆ ಹೋದಾಗಲೂ ಗೋಡೆಯ ಕ್ಯಾಲೆಂಡರ್ ಒಂದು ಬದಿಗೆ ಜಗ್ಗಿದ್ದರೆ ಎದ್ದು ಹೋಗಿ ಸರಿ ಮಾಡಿ ಬಂದೇ ಚಾ ಕುಡಿಯುವವಳು ನಾನು. ಯಲ್ಲಾಪುರದ ನಮ್ಮ ಗಲ್ಲಿಯಲ್ಲಿ ಯಾರ ಮದುವೆ ಆಗಲಿ, ಯಾರ ಮಗುವಿನ ಹುಟ್ಟುಹಬ್ಬ ಆಗಲಿ, ಫೋಟೋಗಳು ಮೊದಲು ನನ್ನ ಫೋನಿಗೆ ಬರುತ್ತವೆ. ಅಡ್ಡ ಮಲಗಿದ್ದನ್ನು ತಿರುಗಿಸಿ ನಿಲ್ಲಿಸುತ್ತೇನೆ. ವಾಲಿದ್ದನ್ನು, ಕೆಳಗೆ ಸಣ್ಣ ಸಣ್ಣ ಗೀಟುಗಳ ಪಟ್ಟಿ ಬರುತ್ತದಲ್ಲ, ಅದನ್ನು ಬೆರಳಲ್ಲಿ ಆಚೀಚೆ ಎಳೆದು ನೆಟ್ಟಗೆ ಮಾಡುತ್ತೇನೆ. “ಶಾಜಿಯಾ ಮುಟ್ಟಿದ್ರೆ ಫೋಟೋ ಸಿಪಾಯಿ ಹಾಗೆ ನಿಲ್ತದೆ” ಅಂತ ಹೆಂಗಸರು ತಮಾಷೆ ಮಾಡುತ್ತಾರೆ. ನನಗೆ ಅದೊಂದು ಜಂಬ ಇತ್ತು. ಈಗ ಇಲ್ಲ.

ನನ್ನ ಗಂಡ ಅಸದ್ ಲಾರಿ ಓಡಿಸುತ್ತಾನೆ. ಗದ್ದೆ ಕೊಯ್ಲು ಮುಗಿದ ಮೇಲೆ ಬನವಾಸಿ, ದಾಸನಕೊಪ್ಪದ ಕಡೆ ಒಣಹುಲ್ಲು ಹೇರಿ, ಶಿರಸಿ ದಾಟಿ, ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಒಯ್ಯುತ್ತಾನೆ. ಕರಾವಳಿಯ ದನಗಳಿಗೆ ನಮ್ಮ ಕಡೆಯ ಹುಲ್ಲೇ ಬೇಕು. ಹುಲ್ಲು ಹಗುರ ಅನ್ನುತ್ತಾರೆ ಜನ. ಅವರಿಗೇನು ಗೊತ್ತು, ಮಣ್ಣಂಗಟ್ಟಿ! ಹುಲ್ಲಿನ ಹೇರು ಲಾರಿಯ ಎರಡರಷ್ಟು ಎತ್ತರ ನಿಲ್ಲುತ್ತದೆ, ದಾರಿಯುದ್ದಕ್ಕೂ ಕುಲುಕಿ ಕುಲುಕಿ ತಗ್ಗುತ್ತದೆ, ಹಗ್ಗ ಸಡಿಲವಾಗುತ್ತದೆ. ಹೊರಟಾಗ ನೆಟ್ಟಗಿದ್ದದ್ದು ಘಟ್ಟದ ಬಾಯಿಗೆ ಬರುವಷ್ಟರಲ್ಲಿ ಒಂದು ಮಗ್ಗುಲಿಗೆ ಕೂತಿರಬಹುದು. ಹಾಗೆ ಕೂತ ಹೇರು ತಿರುವಿನಲ್ಲಿ ಲಾರಿಯನ್ನೇ ಎಳೆದುಕೊಂಡು ಕಮರಿಗೆ ಹೋಗುತ್ತದೆ.

ಮಾವ ಜಲೀಲ್ ಸಾಹೇಬರು ಅದೇ ಘಟ್ಟದಲ್ಲಿ ಮೂವತ್ತೈದು ವರ್ಷ ಲಾರಿ ಓಡಿಸಿದವರು. ಅವರದ್ದು ಒಂದೇ ಕಾನೂನು. “ಹೇರಿದವ್ನ ಕಣ್ಣು ಹೇರಿಗೆ ಒಗ್ಗಿ ಹೋಗಿರ್ತದೆ. ಘಟ್ಟ ಇಳಿಯೋ ಮೊದಲು ಇನ್ನೊಬ್ಬ ನೋಡ್ಬೇಕು.” ಅವರ ಕಾಲದಲ್ಲಿ ಎದುರು ಬಂದ ಲಾರಿಯವನನ್ನು ನಿಲ್ಲಿಸಿ ತೋರಿಸುತ್ತಿದ್ದರಂತೆ. ಈಗ ಫೋನು ಇದೆ. ಘಟ್ಟದ ಮೇಲೆ ದುರ್ಗಮ್ಮ ಅನ್ನುವವಳದ್ದೊಂದು ಚಾ ಅಂಗಡಿ ಉಂಟು. ನೆಟ್‌ವರ್ಕ್ ಸಿಗುವ ಕೊನೆಯ ಜಾಗ ಅದು. ಅಸದ್ ಅಲ್ಲಿ ಲಾರಿ ನಿಲ್ಲಿಸಿ, ಹಿಂದಿನಿಂದ ಹೇರಿನ ಫೋಟೋ ತೆಗೆದು ನನಗೆ ಕಳಿಸುತ್ತಾನೆ. ನಾನು ಮಾವನಿಗೆ ತೋರಿಸುತ್ತೇನೆ. ಮಾವ “ಹೋಗು ಅನ್ನು” ಅಂದ ಮೇಲೆ ನಾನು ‘ಹೋಗು’ ಅಂತ ಬರೆಯುತ್ತೇನೆ. ಅಲ್ಲಿಯ ತನಕ ಅವನು ಚಾವಿ ಮುಟ್ಟುವುದಿಲ್ಲ.

ಅವನ ಫೋಟೋಗಳೋ, ದೇವರೇ ಗತಿ. ಹಿಂದೊಮ್ಮೆ ಲಾರಿಯ ಹಿಂಬಾಗಿಲು ಡಾಲಾಕ್ಕೆ ಸಿಕ್ಕಿ ಅವನ ಬಲಗೈ ಮಣಿಕಟ್ಟು ಮುರಿದಿತ್ತು. ಮೂಳೆ ಓರೆಯಾಗಿಯೇ ಕೂಡಿತು. ಹಾಗಾಗಿ ಅವನು ತೆಗೆದ ಫೋಟೋ ಅಡ್ಡ ಮಲಗಿರುತ್ತದೆ, ಎಬ್ಬಿಸಿ ನಿಲ್ಲಿಸಿದರೆ ಎಡಕ್ಕೆ ವಾಲಿರುತ್ತದೆ. ಪ್ರತಿ ಸಲವೂ ನಾನೇ ನೆಟ್ಟಗೆ ಮಾಡಿ ಮಾವನ ಕೈಗೆ ಕೊಡುವುದು.

ಆ ದಿನ ಹನ್ನೊಂದು ಗಂಟೆಗೆ ಫೋಟೋ ಬಂತು. ನಾನು ಒಲೆಯ ಮೇಲೆ ಸಾರು ಇಟ್ಟು, ಒಂದೇ ಕೈಯಲ್ಲಿ ತಿರುಗಿಸಿದೆ. ಗೀಟಿನ ಪಟ್ಟಿ ಎಳೆದೆ. ಯಾವತ್ತೂ ಮೂರು ಗೀಟು ಸಾಕು. ಅವತ್ತು ಒಂಬತ್ತು ಎಳೆದ ಮೇಲೆ ಹೇರಿನ ಎರಡೂ ಬದಿ ನೆಟ್ಟಗಾದವು. ‘ಇವನ ಕೈ ಇವತ್ತು ಜಾಸ್ತಿಯೇ ಸೊಟ್ಟ’ ಅಂತ ನಗೆ ಬಂತು. ನಂಬರ್ ಪ್ಲೇಟು ಒಂಚೂರು ಓರೆ ಕಂಡಿತು. ರಸ್ತೆ ಬದಿ ಇಳಿಜಾರು ಇರಬೇಕು ಅಂದುಕೊಂಡೆ. ಮಾವನ ಮುಂದೆ ಹಿಡಿದೆ.

“ಹಗ್ಗ ಬಿಗಿ ಉಂಟಾ?” ಅಂದರು.

“ಉಂಟು ಮಾವ.”

“ಹೇರು ನೆಟ್ಟಗೆ?”

“ಗೋಡೆ ಹಾಗೆ.”

“ಹ್ಞಾಂ. ಹೋಗು ಅನ್ನು.”

‘ಹೋಗು’ ಅಂತ ಬರೆದೆ. ಅವನು ಓದಿದ ಗುರುತಿಗೆ ಎರಡು ನೀಲಿ ಗೀಟು ಬಿತ್ತು. ಸಾರಿಗೆ ಒಗ್ಗರಣೆ ಹಾಕಿದೆ.

ಹತ್ತು ನಿಮಿಷ ಬಿಟ್ಟು, ಬಂಗಾರದ ಬಣ್ಣದ ಹುಲ್ಲು ಚೆಂದ ಕಂಡಿತು ಅಂತ ಅದೇ ಫೋಟೋ ಸ್ಟೇಟಸ್ಸಿಗೆ ಹಾಕಲು ತೆಗೆದೆ. ಅಂಚಿನಲ್ಲಿ ದುರ್ಗಮ್ಮನ ಅಂಗಡಿಯ ಮಾಡು ಕಾಣುತ್ತಿತ್ತು. ಮಾಡಿನಿಂದ ಹಗ್ಗ ಕಟ್ಟಿ ಇಳಿಬಿಟ್ಟ ಒಂದು ಬಾಳೆಗೊನೆ. ಆ ಗೊನೆ ಸೊಟ್ಟ ತೂಗುತ್ತಿತ್ತು. ಯಾರೋ ಅದನ್ನು ಎಡಕ್ಕೆ ತಳ್ಳಿ ಹಿಡಿದಂತೆ.

ಗಾಳಿ ಇರಬೇಕು ಅಂದುಕೊಂಡೆ. ಆದರೆ ಪಕ್ಕದಲ್ಲಿ ತೂಗುಬಿಟ್ಟ ಗುಟ್ಕಾ ಚೀಟಿಯ ಸರವೂ ಅಷ್ಟೇ ಓರೆ. ಹಗುರದ ಚೀಟಿಯನ್ನೂ ಹತ್ತು ಕಿಲೋ ಗೊನೆಯನ್ನೂ ಒಂದೇ ಅಳತೆಗೆ ತಳ್ಳುವ ಗಾಳಿ ಯಾವುದು? ಅಂಗಡಿಯ ಕಂಬ ನೋಡಿದೆ. ಅದೂ ಅಷ್ಟೇ ಓರೆ. ನಂಬರ್ ಪ್ಲೇಟೂ ಓರೆ. ಇಡೀ ಚಿತ್ರದಲ್ಲಿ ನೆಟ್ಟಗಿದ್ದದ್ದು ಹುಲ್ಲಿನ ಹೇರು ಒಂದೇ.

ಅವನ ಕೈ ಸೊಟ್ಟಗಿದ್ದದ್ದು ಎಂದಿನ ಹಾಗೆ ಮೂರೇ ಗೀಟು. ಉಳಿದ ಆರು ಗೀಟು ಹೇರಿನದ್ದೇ. ವಾಲಿದ ಹೇರನ್ನು ನಾನು ಬೆರಳಲ್ಲಿ ನೆಟ್ಟಗೆ ಮಾಡಿ, ನನ್ನ ಗಂಡನನ್ನು ಘಟ್ಟಕ್ಕೆ ಇಳಿಸಿದ್ದೆ.

ಫೋನು ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ. ಮತ್ತೆ ಮಾಡಿದೆ. ಅದೇ ಹೆಂಗಸು, ಅದೇ ತಣ್ಣನೆ ದನಿ. ‘ನಿನ್ನ ಬಾಯಿಗೆ ಮಣ್ಣು ಹಾಕ’ ಅಂತ ಅವಳಿಗೇ ಬೈದೆ. ‘ನಿಲ್ಲಿ, ನಿಲ್ಲಿ, ಇಳಿಯಬೇಡಿ’ ಅಂತ ಬರೆದು ಕಳಿಸಿದೆ. ಒಂದೇ ಗೀಟು ಬಿತ್ತು, ಅದೂ ಬೂದು. ಅವನಿಗೆ ಮುಟ್ಟಿಲ್ಲ.

ದುರ್ಗಮ್ಮನ ನಂಬರ್ ನನ್ನಲ್ಲಿ ಇರಲಿಲ್ಲ. ಅಂಗಡಿಗೊಂದು ಬೋರ್ಡು ಇತ್ತಲ್ಲ, ಅದರಲ್ಲಿ ನಂಬರ್ ಇರಬಹುದು ಅಂತ ಹೊಳೆಯಿತು. ನಾನು ನೆಟ್ಟಗೆ ಮಾಡಿದ ಫೋಟೋದಲ್ಲಿ ಬೋರ್ಡೇ ಇಲ್ಲ. ನೆಟ್ಟಗೆ ಮಾಡುವಾಗ ಫೋನು ನಾಲ್ಕು ಮೂಲೆಗಳನ್ನು ಕತ್ತರಿಸಿ ಬಿಸಾಡುತ್ತದೆ. ಅಸದ್ ಕಳಿಸಿದ ಮೂಲ ಫೋಟೋ ತೆರೆದೆ. ಅದು ಅಡ್ಡ ಮಲಗಿತ್ತು. ಓದಲು ಫೋನನ್ನು ತಿರುಗಿಸಿದರೆ ಚಿತ್ರವೂ ತಾನೇ ತಿರುಗಿ ಮತ್ತೆ ಅಡ್ಡ ಮಲಗಿತು. ಈಚೆ ತಿರುಗಿಸಿದೆ, ಅದೂ ಈಚೆ ತಿರುಗಿತು. ನೂರು ಸಲ ಮಾಡಿದ ಕೆಲಸ, ಆಗ ಒಂದೂ ನೆನಪಿಗೆ ಬರಲಿಲ್ಲ. ಕಡೆಗೆ ಫೋನನ್ನು ನೆಲದ ಮೇಲೆ ಇಟ್ಟು, ನಾನೇ ಪಕ್ಕದಲ್ಲಿ ಮಲಗಿ, ಕತ್ತು ಹೊರಳಿಸಿ ಓದಿದೆ. ಒಂಬತ್ತು ಅಂಕಿ ಕಂಡವು. ಹತ್ತನೆಯದು ಬಾಳೆಗೊನೆಯ ಹಿಂದೆ ಅಡಗಿತ್ತು.

“ಎಂತ ಆಯ್ತೇ?” ಅಂತ ಮಾವ ಕುರ್ಚಿಯಿಂದ ಕೇಳಿದರು.

ಸೊನ್ನೆ ಸೇರಿಸಿ ಒತ್ತಿದೆ. ಅಂಥ ನಂಬರೇ ಇಲ್ಲ. ಒಂದು ಸೇರಿಸಿದೆ. ಯಾರೋ ಗಂಡಸು, “ಯಾರ್ ಬೇಕಾಗಿತ್ರಿ? ದುರ್ಗಮ್ಮನೂ ಇಲ್ಲ, ಗಿರ್ಗಮ್ಮನೂ ಇಲ್ಲ, ಇಡ್ರಿ ಫೋನು” ಅಂತ ರೇಗಿದ. ಎರಡು ಸೇರಿಸಿದೆ. ರಿಂಗಾಯಿತು, ರಿಂಗಾಯಿತು, ಯಾರೂ ಎತ್ತಲಿಲ್ಲ. ಇದೇ ಇರಬಹುದಾ? ಕಾಯಲಾ, ಮುಂದೆ ಹೋಗಲಾ? ಅಷ್ಟರಲ್ಲಿ ಲಾರಿ ಎಷ್ಟನೇ ತಿರುವಿಗೆ ಬಂತೋ. ಮೂರು ಸ್ವಿಚ್ ಆಫ್. ನಾಲ್ಕು.

“ಯಾರದು?” ಅಂತ ಒಬ್ಬ ಹೆಂಗಸಿನ ದನಿ. ಹಿಂದೆ ಗ್ಲಾಸುಗಳ ಸದ್ದು.

“ದುರ್ಗಮ್ಮಾ? ನಾನು ಹುಲ್ಲಿನ ಲಾರಿ ಅಸದ್‌ನ ಹೆಂಡ್ತಿ. ಅವ್ರು ಅಲ್ಲಿದ್ದಾರಾ?”

“ಹೋತಲ್ಲೇ ತಂಗಿ. ಚಾ ಮುಗ್ಸಿ ಹೋಗಿ ಐದು ನಿಮಿಷ ಆತು. ನಾ ಅವ್ನ ಗ್ಲಾಸ್ ತೊಳ್ದಿಟ್ಟೂ ಆತು. ಎಂತ ಆತೇ?”

“ಹೇರು ವಾಲಿದೆ ದುರ್ಗಮ್ಮಾ. ಅವ್ರಿಗೆ ಗೊತ್ತಿಲ್ಲ. ಯಾರಾದ್ರೂ ಹೋಗಿ ನಿಲ್ಸಿ, ನಿಮ್ಮ ಕಾಲಿಗೆ ಬೀಳ್ತೇನೆ.”

“ಅಯ್ಯೋ ದೇವ್ರೇ!” ಅಂದಳು. ಆಮೇಲೆ ಫೋನು ಕೆಳಗಿಡದೆಯೇ ಕೂಗಿದ್ದು ನನ್ನ ಕಿವಿಗೇ ಬಡಿಯಿತು. “ಏ ಸತೀಶಾ! ಚಾ ಬಿಡು, ಬಸ್ ಬಿಡು ಮಾರಾಯ! ಮುಂದೆ ಹುಲ್ಲಿನ ಲಾರಿ ಹೋತಲ್ಲ, ಅದನ್ನ ಹಿಡಿ, ನಿಲ್ಸು!” ಕುಮಟಾ ಬಸ್ಸಿನ ಡ್ರೈವರ್ ಸತೀಶ ಅಲ್ಲಿ ಚಾ ಕುಡಿಯುತ್ತಿದ್ದನಂತೆ. ಬಸ್ಸು ಹೊರಟ ಸದ್ದು ಕೇಳಿತು. “ಹೋತು, ಬಸ್ ಹೋತು ತಂಗಿ. ಇನ್ನು ದೇವ್ರು ಇದ್ದಾನೆ” ಅಂದಳು ದುರ್ಗಮ್ಮ.

ಆಮೇಲೆ ಮಾಡುವುದು ಏನೂ ಉಳಿಯಲಿಲ್ಲ. ಅದೇ ಎಲ್ಲಕ್ಕಿಂತ ಕೆಟ್ಟದ್ದು. ಗಡಿಯಾರ ನೋಡಿದೆ, ಹನ್ನೊಂದೂವರೆ. ಹೆದರಿಕೆ ಜಾಸ್ತಿಯಾದರೆ ನನಗೆ ಸಿಟ್ಟು ಬರುತ್ತದೆ. ಸಿಟ್ಟು ಮಾವನ ಮೇಲೆ ಹೋಯಿತು.

“ನಾನು ನೆಟ್ಟಗೆ ಮಾಡಿದ್ದು ತಪ್ಪು, ಒಪ್ಪಿದೆ. ನನಗೆ ಲಾರಿ ಗೊತ್ತಿಲ್ಲ. ನಿಮ್ಗೆ ಗೊತ್ತಲ್ಲ ಮಾವ! ಪ್ಲೇಟು ಓರೆ, ಕಂಬ ಓರೆ, ಬಾಳೆಗೊನೆ ಓರೆ. ಮೂವತ್ತೈದು ವರ್ಷ ಓಡ್ಸಿದವ್ರು, ಅದೆಲ್ಲ ನೋಡಿನೂ ಹೋಗು ಅಂದ್ರಲ್ಲ! ಎಂತ ನೋಡಿದ್ರಿ ನೀವು?”

ಮಾವ “ಎಲ್ಲಿ, ಕೊಡು” ಅಂತ ಕೈ ಚಾಚಿದರು. ಫೋನು ನನ್ನ ಎಡಗೈಯಲ್ಲಿತ್ತು. ಅವರ ಕೈ ನನ್ನ ಬಲಕ್ಕೆ ಹೋಗಿ ಗಾಳಿಯಲ್ಲಿ ತಡಕಾಡಿತು.

“ಬೆಳಕು ಕಾಣ್ತದೆ ಬೇಟಿ. ಹಳದಿ ಕಾಣ್ತದೆ. ಹುಲ್ಲು ಅಂತ ತಿಳ್ಕೊಳ್ತೇನೆ. ನೀನು ಉಂಟು ಅಂದ್ರೆ ನಾನು ಹ್ಞಾಂ ಅಂತೇನೆ. ದೀಪಾವಳಿ ಆದಾಗಿಂದ ಹೀಗೇ. ಮನೇಲಿ ನನಗೆ ಉಳಿದದ್ದು ಅದೊಂದೇ ಕೆಲ್ಸ ಇತ್ತು. ಹೇಳೋದಕ್ಕೆ ಬಾಯಿ ಬರ್ಲಿಲ್ಲ.”

ನಾನು ಗೋಡೆಗೆ ಒರಗಿ ಕೂತುಬಿಟ್ಟೆ. ಆ ನಾಲ್ಕು ತಿಂಗಳ ‘ಹೋಗು’ಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಅವರು ಪ್ರತಿ ಸಲ ಪ್ರಶ್ನೆ ಕೇಳಿದ್ದರೇ ಹೊರತು ಒಂದು ಸಲವೂ ತಾವು ಕಂಡದ್ದನ್ನು ಹೇಳಿರಲಿಲ್ಲ. ಅವರು ನೋಡುತ್ತಾರೆ ಅಂತ ನಾನು, ನಾನು ನೋಡಿದ್ದೇನೆ ಅಂತ ಅವರು. ಸಾರು ಹೊತ್ತಿದ ವಾಸನೆ ಬಂತು. ಯಾರೂ ಏಳಲಿಲ್ಲ.

ಒಂದು ಗಂಟೆ ಹೊತ್ತಿಗೆ ಫೋನು ಹೊಡೆದುಕೊಂಡಿತು. ಅಸದ್‌ನ ನಂಬರ್ ಅಲ್ಲ. ಕೊನೆಯಲ್ಲಿ ನಾಲ್ಕು ಇರುವ ನಂಬರ್, ದುರ್ಗಮ್ಮನದ್ದು. ಕೆಟ್ಟ ಸುದ್ದಿ ಹೇಳಲು ಬೇರೆಯವರೇ ಫೋನು ಮಾಡುವುದು ಅಂತ ನನಗೆ ಗೊತ್ತು. ಬೆರಳು ಮುಂದೆ ಹೋಗಲಿಲ್ಲ.

“ಎತ್ತು,” ಅಂದರು ಮಾವ. “ಎತ್ತು ಬೇಟಿ. ಏನಿದ್ರೂ ಎತ್ತು.”

ಸ್ಪೀಕರ್ ಹಾಕಿ ಎತ್ತಿದೆ. “ಶಾಜಿಯಾ,” ಅಂದ ಅಸದ್. “ನನ್ನ ಚಾರ್ಜ್ ಮೂರು ಪರ್ಸೆಂಟ್ ಉಂಟು, ಇಲ್ಲೇ ಚಾರ್ಜಿಗೆ ಹಾಕಿದ್ದೇನೆ, ಅದಕ್ಕೇ ದುರ್ಗಮ್ಮಂದು ಇಸ್ಕೊಂಡೆ. ಹಲೋ? ಅಳ್ಬೇಡ್ವೇ. ಸತೀಶಣ್ಣ ಹಾರ್ನ್ ಮೇಲೆ ಹಾರ್ನ್ ಹೊಡೆದು ಎರಡನೇ ತಿರುವಲ್ಲಿ ನಿಲ್ಸಿದ. ಇಳಿದು ನೋಡ್ತೇನೆ, ಗುಡ್ಡದ ದರೆ ಬದಿಯ ಹಿಂದಿನ ಚಕ್ರ ನೆಲ ಬಿಟ್ಟು ನಾಲ್ಕು ಬೆರಳು ಮೇಲೆ ಉಂಟು. ಅಲ್ಲೇ ರಸ್ತೆ ಮೇಲೆ ಕೂತೆ ಮಾರಾಯ್ತಿ. ಬಸ್ಸಿನವ್ರೆಲ್ಲ ಇಳಿದು ಅರ್ಧ ಹುಲ್ಲು ಕೆಳಗೆ ಹಾಕಿ ಮತ್ತೆ ಹೇರಿ ಕೊಟ್ರು. ಒಂದು ಬೈಕ್ ಹತ್ತಿ ಮೇಲೆ ಬಂದಿದ್ದೇನೆ, ಅಬ್ಬಾಗೆ ಹೊಸ ಫೋಟೋ ತೋರಿಸ್ಬೇಕಲ್ಲ.” ಅವನ ದನಿ ಸಣ್ಣದಾಯಿತು. “ಅಬ್ಬಾ ಮತ್ತೊಂದು ಸಲ ನೋಡಿದ್ದಕ್ಕೆ ಇವತ್ತು ಜೀವ ಉಳೀತು.”

ನಾನು ನಿಜ ಹೇಳದೆ ಬಿಡಬಹುದಿತ್ತು. ಮಾವ ಫೋನಿಗೆ ಕೈ ಚಾಚಿದರು. ಈ ಸಲ ನಾನೇ ಅವರ ಅಂಗೈಯಲ್ಲಿ ಇಟ್ಟೆ.

“ನಾನು ನೋಡ್ಲಿಲ್ಲ ಬೇಟಾ,” ಅಂದರು. “ನನಗೆ ಕಣ್ಣು ಕಾಣೋದಿಲ್ಲ. ನಾಲ್ಕು ತಿಂಗಳಾಯ್ತು.”

“ನಾನೂ ನೋಡಿಲ್ಲ,” ಅಂತ ನಾನು ಕೂಗಿದೆ. “ವಾಲಿದ್ದನ್ನ ನಾನೇ ನೆಟ್ಟಗೆ ಮಾಡಿದ್ದು. ಪ್ರತಿ ಸಲ ಮಾಡ್ತಿದ್ದೆ.”

ಆ ಕಡೆ ದುರ್ಗಮ್ಮನ ಗ್ಲಾಸುಗಳ ಸದ್ದು ಕೇಳಿತು.

“ಹಾಗಾದ್ರೆ ಇಷ್ಟು ದಿನ ಯಾರು ನೋಡ್ತಿದ್ರು?” ಅಂದ ಅಸದ್.

“ಈಗ ನೋಡ್ತೇನೆ. ಫೋಟೋ ಕಳಿಸಿ,” ಅಂದೆ.

ಫೋಟೋ ಬಂತು, ಎಂದಿನ ಹಾಗೆ ಅಡ್ಡ ಮಲಗಿ. ಹೆಬ್ಬೆರಳು ತನ್ನಷ್ಟಕ್ಕೆ ಗೀಟಿನ ಪಟ್ಟಿಯ ಕಡೆ ಹೋಯಿತು. ಬೆಂಕಿ ಮುಟ್ಟಿದವಳ ಹಾಗೆ ಕೈ ಹಿಂದೆ ತೆಗೆದೆ. ನೆಲದ ಮೇಲೆ ಇಟ್ಟು, ಮಲಗಿ, ಕತ್ತು ಹೊರಳಿಸಿ ನೋಡಿದೆ. ಹೇರು ಕಂಡಿತು, ಮರ ಕಂಡಿತು, ಮರಗಳು ಬೇಕಾದ ಹಾಗೆ ಓರೆ ಬೆಳೆಯುತ್ತವೆ. ನೆಟ್ಟಗಿದೆ ಅಂತ ನಂಬುವಂಥದ್ದು ಒಂದೂ ಇರಲಿಲ್ಲ. ಮತ್ತೆ ಅದೇ ನಂಬರಿಗೆ ಫೋನು ಮಾಡಿದೆ.

“ಇದ್ರಲ್ಲಿ ನನಗೆ ಗೊತ್ತಾಗೋದಿಲ್ಲ. ನೀವು ಕೆಳಗೆ ಹೋಗಿ. ಒಂದು ಹಗ್ಗಕ್ಕೆ ಕಲ್ಲು ಕಟ್ಟಿ ಹೇರಿನ ಪಕ್ಕ ಇಳಿಬಿಡಿ. ಎರಡೂ ಕಾಣೋ ಹಾಗೆ ತೆಗೆದು ಮತ್ತೆ ಮೇಲೆ ಬನ್ನಿ. ಅಲ್ಲೀ ತನಕ ಚಾವಿ ಮುಟ್ಟಿದ್ರೆ ನೋಡಿ.”

ಅವನು ಗೊಣಗಲಿಲ್ಲ. ಹೋದ.

ಮುಕ್ಕಾಲು ಗಂಟೆಯ ಮೇಲೆ ಬಂದ ಫೋಟೋದಲ್ಲಿ ಹಗ್ಗ ಇತ್ತು, ಕಲ್ಲು ಇತ್ತು, ಹುಲ್ಲಿತ್ತು. ಮಾವನ ಪಕ್ಕ ಕೂತು ಮೇಲಿನಿಂದ ಕೆಳಗಿನವರೆಗೆ ಕಂಡದ್ದನ್ನೆಲ್ಲ ಹೇಳಿದೆ. ಹಗ್ಗಕ್ಕೂ ಹೇರಿಗೂ ಮೇಲೆ ಎಷ್ಟು ಸಂದು, ಕೆಳಗೆ ಎಷ್ಟು ಸಂದು ಅಂತ ಅವರು ಕೇಳಿದರು. ಕಡ್ಡಿ ಇಟ್ಟು ಅಳೆದು ಹೇಳಿದೆ. ಎರಡೂ ಒಂದೇ.

“ಈಗ ನೀನು ಹೇಳು,” ಅಂದರು ಮಾವ.

‘ಹೋಗು’ ಅಂತ ಬರೆಯಲು ಎರಡೇ ಅಕ್ಷರ. ಕಲ್ಲನ್ನು ಇನ್ನೊಮ್ಮೆ ನೋಡಿದೆ, ಹೇರನ್ನು ನೋಡಿದೆ, ಮತ್ತೆ ಕಲ್ಲನ್ನು ನೋಡಿದೆ. ಬರೆದು ಕಳಿಸಿ, ಅವನು ಕುಮಟಾ ಮುಟ್ಟಿದ ಫೋನು ಬರುವ ತನಕ ಮಾವನ ಕೈ ಬಿಡಲಿಲ್ಲ.